ಔಷಧವನ್ನು ಹೊತ್ತು ನಡೆಯುವ ಸೂಕ್ಷ್ಮ ಕಣಗಳು

ಕ್ಯಾನ್ಸರ್ ರೋಗಕ್ಕೆ ಅಂಜುವಷ್ಟೇ ಅದರ ಔಷಧಕ್ಕೂ ಜನರು ಅಂಜುವರು. ಆ ಅಂಜಿಕೆಯು ನಿಷ್ಕಾರಣವಾದುದಲ್ಲ. ಡಾಕ್ಸೊರುಬಿಸಿನ್ ಎಂಬ ಔಷಧವು ರೋಗದ ಜೀವಕೋಶಗಳನ್ನು ಕೊಲ್ಲಲು ಸಮರ್ಥವಾದುದು. ಆದರೆ ರಕ್ತದೊಡನೆ ಸರ್ವಾಂಗಗಳಿಗೂ ಹರಿದು ಕೂದಲನ್ನು ಉದುರಿಸುವುದಲ್ಲದೆ, ಪ್ರಮಾಣ ಮೀರಿದರೆ ಹೃದಯವನ್ನೂ ದುರ್ಬಲಗೊಳಿಸುವುದು. ಔಷಧವನ್ನು ಮುಚ್ಚಿಕೊಂಡು ಹೋಗಿ ರೋಗವಿರುವಲ್ಲಿಯೇ ಬಿಚ್ಚುವ ಉಪಾಯವನ್ನು ಶಾಸ್ತ್ರಜ್ಞರು ಅರಸುತ್ತಿರುವುದು ಇದಕ್ಕಾಗಿಯೇ.

ಅಂತಹ ಉಪಾಯಗಳಲ್ಲಿ ರಂಧ್ರಮಯವಾದ ಸಿಲಿಕಾ ಕಣವು ಒಂದು. ಸಿಲಿಕಾ ಎಂಬುದು ಮರಳಿನಲ್ಲಿರುವ ವಸ್ತುವೇ. ಅದನ್ನು ಹೊಸ ರೂಪದಲ್ಲಿ ತಯಾರಿಸುವ ವಿಧಾನವನ್ನು ಅಮೆರಿಕದ ಮೊಬಿಲ್ ಸಂಸ್ಥೆಯ ರಸಾಯನಶಾಸ್ತ್ರಜ್ಞರು 1992ರಲ್ಲಿ ಪ್ರಕಟಿಸಿದರು. ಸಾಬೂನಿನಂತಹ ಪದಾರ್ಥದ ಅಣುಗಳು ನೀರಿನಲ್ಲಿ ಒಟ್ಟುಗೂಡಿ ಸಣ್ಣ ಕಡ್ಡಿಗಳಂತಾಗುವುವು. ಅವುಗಳ ಸುತ್ತಲೂ ಸಿಲಿಕಾ ಗಟ್ಟಿಯಾಗುವುದು. ಬಳಿಕ ಚೆನ್ನಾಗಿ ಕಾಯಿಸಿದರೆ ಕಡ್ಡಿಗಳು ಸುಟ್ಟುಹೋಗಿ, ಜೇನುಹುಟ್ಟಿನಂತೆ ಸಾಲುಸಾಲಾದ ರಂಧ್ರಗಳು ಉಳಿಯುವುವು. ರಂಧ್ರದ ಅಗಲ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಇಂತಹ ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಹರಡಿದರೆ ಸುಮಾರು 1000 ಚದರ ಮೀಟರ್ ಆಗುವುದು. 2001ರಲ್ಲಿ ಸ್ಪೇಯಿನ್ ದೇಶದ ಮರಿಯಾ ವಾಲೆಟ್-ರೆಗಿ ಎಂಬ ವಿದುಷಿಯೂ ಅವರ ಸಂಗಡಿಗರೂ ಈ ರಂಧ್ರಗಳಲ್ಲಿ ಐಬುಪ್ರೊಫೆನ್ ಎಂಬ ನೋವಿನ ಔಷಧವನ್ನು ತುಂಬಿ, ಅದು ಮೆಲ್ಲಮೆಲ್ಲನೆ ಹೊರಬರುವುದನ್ನು ತೋರಿಸಿದರು.

ಕ್ಯಾನ್ಸರಿನ ಔಷಧಕ್ಕಾದರೋ ನಿಧಾನವೊಂದೇ ಸಾಲದು. ಸಮಯವರಿತು ತೆರೆಯುವ ಬಾಗಿಲೂ ಬೇಕು. ರಕ್ತವು ಅಲ್ಪ ಕ್ಷಾರಗುಣವುಳ್ಳದ್ದು. ಗೆಡ್ಡೆಯ ಸುತ್ತಲೂ ಸಾಮಾನ್ಯವಾಗಿ ಆಮ್ಲಗುಣವು ತೋರುವುದು. ಕಣವನ್ನು ನುಂಗಿದ ಜೀವಕೋಶದ ಒಳಚೀಲಗಳಲ್ಲಿ ಅದು ಇನ್ನೂ ಹೆಚ್ಚು. ಆದುದರಿಂದ ಆಮ್ಲ ತಗಲಿದಾಗ ಕಳಚುವ ಮುಚ್ಚಳವನ್ನು ರಂಧ್ರದ ಬಾಯಿಗೆ ಜೋಡಿಸಿದರೆ, ದಾರಿಯಲ್ಲಿ ಔಷಧ ಸೋರುವುದು ಕಡಿಮೆಯಾಗುವುದು.

ಇಷ್ಟಾದರೂ ಕಾರ್ಯವು ಪೂರ್ಣವಾಗಿಲ್ಲ. ಅನೇಕ ಬಗೆಯ ನ್ಯಾನೋ ಕಣಗಳನ್ನು ಕುರಿತ ಪ್ರಯೋಗಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ದೇಹಕ್ಕೆ ಕೊಟ್ಟುದರಲ್ಲಿ ಗೆಡ್ಡೆಯನ್ನು ಮುಟ್ಟಿದುದು ನಡುಮಟ್ಟದಲ್ಲಿ ನೂರಕ್ಕೆ 0.7ರಷ್ಟು ಮಾತ್ರವೆಂದು ಕಂಡುಬಂದಿತು. ಯಕೃತ್ತೂ ಗುಲ್ಮವೂ ಕಣಗಳನ್ನು ಬಹುಪಾಲು ಹಿಡಿದಿಡುವುವು. ಡಾಕ್ಸೊರುಬಿಸಿನ್ನನ್ನು ಕೊಬ್ಬಿನ ಸೂಕ್ಷ್ಮ ಕೋಶಗಳಲ್ಲಿಟ್ಟು ಕೊಡುವ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲಿಯೇ ಅನುಮತಿ ದೊರೆಯಿತು. ಅದರಿಂದ ಹೃದಯಕ್ಕಾಗುವ ಹಾನಿ ಕಡಿಮೆ. ರಂಧ್ರಮಯ ಸಿಲಿಕಾವಾದರೋ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇನ್ನೂ ಸಾಮಾನ್ಯ ಬಳಕೆಗೆ ಬಂದಿಲ್ಲ.

ಆದುದರಿಂದ ಮುಂದೆ ಬರಲಿರುವ ಔಷಧವನ್ನು ನೆನೆದು ಇಂದಿನ ಚಿಕಿತ್ಸೆಯನ್ನು ಯಾರೂ ತಡಮಾಡಬಾರದು. ಸ್ತನದಲ್ಲಿ ಗಂಟು ಕಂಡರೂ ಸಂಕೋಚದಿಂದ ಬಚ್ಚಿಡುವ ತಾಯಂದಿರು ಇನ್ನೂ ಇರುವರು. ಪ್ರಿಯ ಸಹೋದರಿಯರೇ, ಅಂತಹವರನ್ನು ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವುದು ನಾವು ಕಲಿತ ವಿದ್ಯೆಗೆ ಸಾರ್ಥಕವಾದ ಕೆಲಸವಲ್ಲವೇ?