ಕಂಬಂ ಕಣಿವೆಯ ಕನ್ನಡ: ಜೀವನೋಪಾಯ, ಜನಸಂಖ್ಯೆ ಮತ್ತು ಗಣತಿಯ ಮಿತಿ

ತಮಿಳುನಾಡಿನ ಕನ್ನಡದ ಕುರಿತ ಚರ್ಚೆ ಸಾಮಾನ್ಯವಾಗಿ ಹೊಸೂರು, ತಾಳವಾಡಿಗಳಂತಹ ಗಡಿಪ್ರದೇಶಗಳಲ್ಲಿಯೇ ನಿಂತುಬಿಡುತ್ತದೆ. ಗಡಿಯಿಂದ ಬಹುದೂರ ದಕ್ಷಿಣಕ್ಕೆ, ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಯೂ ನೆರೆಯ ದಿಂಡಿಗಲ್ ಜಿಲ್ಲೆಯಲ್ಲಿಯೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುತ್ತ ಬಂದ ಕೃಷಿಕ ಸಮುದಾಯಗಳಿವೆ. ಕಾಪ್ಪಿಲಿಯರ್ ಮತ್ತು ಅನುಪ್ಪರ್ ಇವರಲ್ಲಿ ಮುಖ್ಯರು. ಲಿಪಿ, ಶಾಲೆ, ಆಡಳಿತ ಇವಾವುವೂ ಇವರ ಕನ್ನಡಕ್ಕೆ ಆಸರೆಯಾಗಿಲ್ಲ. ಅದನ್ನು ಉಳಿಸಿದ್ದು ಹೊಲ, ದನ ಮತ್ತು ನೆಂಟಸ್ತಿಕೆ. ಆದುದರಿಂದ ಕಣಿವೆಯ ಆರ್ಥಿಕ ಸ್ಥಿತ್ಯಂತರವು ಅಲ್ಲಿಯ ಭಾಷೆಯ ಪ್ರಶ್ನೆಯೂ ಆಗಿದೆ.

ಡಬ್ಲ್ಯೂ. ಫ್ರಾನ್ಸಿಸ್ ರಚಿಸಿದ 1906ರ ಮದುರಾ ಗೆಜೆಟಿಯರ್ ಹಾಗೂ ಎಡ್ಗರ್ ಥರ್ಸ್ಟನ್ನನ 1909ರ ಜಾತಿ-ಬುಡಕಟ್ಟುಗಳ ಕೋಶಗಳಲ್ಲಿ ಕಾಪ್ಪಿಲಿಯರ ಉಲ್ಲೇಖವಿದೆ. ಕಂಬಂನಲ್ಲಿ ಅವರು ಪೂಜ್ಯಭಾವದಿಂದ ಸಾಕುತ್ತಿದ್ದ ದನದ ಹಿಂಡಿಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ ಕನ್ನಡದಲ್ಲಿ ‘ದೇವರು ಆವು’ ಎಂದೂ ಹೆಸರಿತ್ತು. ಹಿಂಡಿನ ಪಟ್ಟದ ಹೋರಿ ಸತ್ತಾಗ ದನಗಳ ಮುಂದೆ ಕಬ್ಬನ್ನಿಟ್ಟು, ಅದಕ್ಕೆ ಮೊದಲು ಬಾಯಿಹಾಕಿದ ಹೋರಿಗೆ ಪಟ್ಟ ಕಟ್ಟುತ್ತಿದ್ದರು. ಕರ್ನಾಟಕದ ಇಂದಿನ ಆಡುಮಾತಿನಲ್ಲಿ ಹಸು, ಆಕಳು, ದನಗಳ ನಡುವೆ ಮರೆಯಾಗುತ್ತಿರುವ ‘ಆವು’ ಎಂಬ ಹಳೆಯ ಶಬ್ದವನ್ನು ಇಲ್ಲಿ ನಿಘಂಟು ಕಾಯಲಿಲ್ಲ, ದನಗಾಹಿಗಳು ಕಾಯ್ದರು.

ಅಂತಹ ನೆಲೆಗಳು ಈಗ ಕಿರಿದಾಗುತ್ತಿವೆ. ಮಲೆದನಗಳ ಮೇವಿಗೆ ಆಧಾರವಾಗಿದ್ದ ಮೇಘಮಲೆಯ ಕಾಡು 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿತು. 2022ರ ಮಾರ್ಚಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ರಾಜ್ಯದ ಎಲ್ಲ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಬಳಿಕ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಸಡಿಲಿಕೆಯ ನಂತರವೂ ಮೇಘಮಲೆ ನಿಷೇಧದೊಳಗೇ ಉಳಿಯಿತು. ವನ್ಯಜೀವಿ ಸಂರಕ್ಷಣೆಯ ದೃಷ್ಟಿಯಿಂದ ಈ ಕ್ರಮಕ್ಕೆ ಸಮರ್ಥನೆಯಿರಬಹುದು. ಆದರೆ ದನಗಾಹಿ ವೃತ್ತಿ ಕ್ಷೀಣಿಸಿದಂತೆ ದನಗಳ ಬಣ್ಣ, ಕೊಂಬು, ನಡೆ, ರೋಗಗಳನ್ನು ಹೆಸರಿಸುವ ಶಬ್ದಸಂಪತ್ತೂ ಬಳಕೆದಾರರನ್ನು ಕಳೆದುಕೊಳ್ಳುತ್ತದೆ.

ಹೊಲದ ಕಥೆ ಇಷ್ಟು ಸರಳವಲ್ಲ. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಕಣಿವೆಯ 14,707 ಎಕರೆ ಗದ್ದೆಗೆ ಎರಡು ಬೆಳೆಯ ಭರವಸೆ ಕೊಟ್ಟು ಒಕ್ಕಲು ಕುಟುಂಬಗಳನ್ನು ನೆಲದಲ್ಲಿ ನಿಲ್ಲಿಸಿತು. ಬಾಳೆ, ತೆಂಗು, ದ್ರಾಕ್ಷಿ ಬಂದವು. ಕಂಬಂನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕವೂ ದೊರೆಯಿತು. ಆದರೆ ಆ ನೀರಿನ ಆಕರ ಕೇರಳದಲ್ಲಿದೆ. ದುಡಿಮೆಯ ದೊಡ್ಡ ಪಾಲೂ ಗಡಿಯಾಚೆಯ ಇಡುಕ್ಕಿಯ ಏಲಕ್ಕಿ ತೋಟಗಳಲ್ಲಿದೆ. 2011ರ ಡಿಸೆಂಬರಿನಲ್ಲಿ ಅಣೆಕಟ್ಟಿನ ವಿವಾದ ಉಲ್ಬಣಿಸಿದಾಗ ಗಡಿ ದಾಟಿ ಕೂಲಿಗೆ ಹೋಗುವವರ ದಾರಿಯೇ ಕಡಿದುಹೋಗಿತ್ತು. 2010ರ ಕೊನೆಯಲ್ಲಿ ನಿಂತ ಮದುರೈ–ಬೋಡಿನಾಯಕನೂರು ರೈಲು ಬೋಡಿಯನ್ನು ಮತ್ತೆ ತಲುಪಿದ್ದು 2023ರ ಜೂನ್‌ನಲ್ಲಿ. ಇಂತಹ ಪರಾಧೀನ ಅರ್ಥವ್ಯವಸ್ಥೆಯಲ್ಲಿ ಓದಿದ ಯುವಕರು ಕೊಯಮತ್ತೂರು, ತಿರುಪ್ಪೂರು, ಚೆನ್ನೈಗಳತ್ತ ಮುಖಮಾಡುವುದು ಸಹಜ.

ಜನಸಂಖ್ಯೆಯ ಅಂಕಿಗಳೂ ಈ ದಿಕ್ಕಿಗೆ ಹೊಂದುತ್ತವೆ. 2001–2011ರ ದಶಕದಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆದರೆ ತೇನಿ ಶೇ. 13.9, ದಿಂಡಿಗಲ್ ಶೇ. 12.3ರಷ್ಟು ಮಾತ್ರ ಬೆಳೆದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನ ಒಟ್ಟು ಫಲವಂತಿಕೆ ದರ 1.8. ಅದು ಜನಸಂಖ್ಯೆಯ ಸ್ಥಿರತೆಗೆ ಬೇಕಾದ 2.1ಕ್ಕಿಂತ ಕಡಿಮೆ. ದೊಡ್ಡ ಭಾಷಾಸಮುದಾಯಕ್ಕೆ ಇದು ನಿಧಾನದ ಬದಲಾವಣೆ. ಒಂದು ಊರಿನಲ್ಲಿ ಕೆಲವೇ ಬೀದಿಗಳಷ್ಟಿರುವ ಸಮುದಾಯಕ್ಕೆ, ಒಂದು ತಲೆಮಾರು ವಲಸೆ ಹೋದರೆ ಮಕ್ಕಳಿಗೆ ಕನ್ನಡದಲ್ಲಿ ಜೊತೆಯಾಡುವವರೇ ಇಲ್ಲವಾಗಬಹುದು.

2011ರ ಗಣತಿಯಂತೆ ರಾಜ್ಯದಲ್ಲಿ ಕನ್ನಡಿಗರ ಪ್ರಮಾಣ ಶೇ. 1.78. ಬಡಗವನ್ನೂ ಒಳಗೊಂಡ ಈ ಅಂಕಿ ಕಂಬಂ ಕಣಿವೆಯ ಕುರಿತು ಹೇಳುವುದು ಅಲ್ಪ. ಇನ್ನೂ ಮುಖ್ಯವಾದುದು ಗಣತಿಯ ವ್ಯಾಖ್ಯೆ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಅಲ್ಲಿ ಮಾತೃಭಾಷೆ. ಎಂದರೆ ಅರವತ್ತರ ವ್ಯಕ್ತಿಯ ಉತ್ತರ ಅರವತ್ತು ವರ್ಷಗಳ ಹಿಂದಿನ ಮನೆಯನ್ನು ಕುರಿತದ್ದು. ಆತ ಮೊಮ್ಮಕ್ಕಳೊಡನೆ ತಮಿಳನ್ನೇ ಆಡುತ್ತಿದ್ದರೂ ಕೋಷ್ಟಕದಲ್ಲಿ ಕನ್ನಡ ಕುಂದುವುದಿಲ್ಲ. ನಷ್ಟವು ಅಂಕಿಗಳಲ್ಲಿ ಕಾಣುವ ಹೊತ್ತಿಗೆ ಅದನ್ನು ತುಂಬಿಕೊಡಬಲ್ಲವರು ಇರಲಾರರು.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಬಯಸುತ್ತದೆ. ತರಗತಿಗೆ 10 ಇಲ್ಲವೆ ಶಾಲೆಗೆ 40 ಮಕ್ಕಳು ಎಂಬ 1949ರ ಸೂತ್ರವೂ ಇದೆ. ಆದರೆ ಚದುರಿದ, ಮಕ್ಕಳ ಸಂಖ್ಯೆ ಇಳಿಯುತ್ತಿರುವ ಸಮುದಾಯಕ್ಕೆ ಈ ಮಿತಿಯನ್ನು ಮುಟ್ಟುವುದೇ ಕಷ್ಟ.

ಮುಂದಿನ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಆ ಕೋಷ್ಟಕಗಳಿಗಾಗಿ ಕಾಯುವುದಕ್ಕಿಂತ, ಅಜ್ಜ, ತಂದೆ, ಮಗು ಯಾರೊಡನೆ ಯಾವ ಭಾಷೆಯಾಡುತ್ತಾರೆ ಎಂಬುದನ್ನು ಮನೆಮನೆಯ ನೆಲೆಯಲ್ಲಿ ದಾಖಲಿಸುವುದು, ದನಗಾಹಿ ಹಾಗೂ ಬೇಸಾಯದ ಪದಕೋಶವನ್ನು ಬಳಸುವವರಿರುವಾಗಲೇ ಸಂಗ್ರಹಿಸುವುದು ತುರ್ತಿನ ಕಾರ್ಯ. ಲಿಪಿಯಿಲ್ಲದೆ ಬದುಕಿದ ಈ ಕನ್ನಡಕ್ಕೆ ವೃತ್ತಿಯೇ ಪಠ್ಯವಾಗಿತ್ತು. ವೃತ್ತಿ ಬದಲಾಗುವುದನ್ನು ತಡೆಯಲು ವಿದ್ವತ್ತಿಗೆ ಸಾಧ್ಯವಿಲ್ಲ, ತಡೆಯುವ ಹಕ್ಕೂ ಇಲ್ಲ. ಆ ಪಠ್ಯವನ್ನು ಬರೆದಿಡುವ ಹೊಣೆ ಮಾತ್ರ ವಿದ್ವತ್ತಿನದೇ.