ದೇಹದೊಳಗಿನ ಕಣಜ

ಸುಗ್ಗಿಯ ಕಾಲದಲ್ಲಿ ರೈತನು ಮನೆಬಳಕೆಗೆ ಮಿಕ್ಕ ಧಾನ್ಯವನ್ನು ಕಣಜದಲ್ಲಿ ತುಂಬಿಡುತ್ತಾನೆ. ಮಳೆ ಕೈಕೊಟ್ಟ ವರ್ಷ ಅದೇ ಅವನಿಗೆ ಆಸರೆ. ಜೀವಿಗಳ ದೇಹದಲ್ಲಿಯೂ ಇಂತಹ ಕಣಜವೊಂದಿದೆ. ಆಹಾರವು ಯಥೇಚ್ಛವಾಗಿ ದೊರೆತಾಗ ಮಿಕ್ಕುದನ್ನು ದೇಹವು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ದೊರೆಯದಿದ್ದಾಗ ಅದನ್ನು ತೆಗೆದು ಬಳಸುತ್ತದೆ.

ಕೂಡಿಡಲು ಕೊಬ್ಬೇ ಏಕೆ ಬೇಕು? ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋಕ್ಯಾಲೊರಿ ದೊರೆಯುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾಗುವ ಗ್ಲೈಕೋಜನ್ ತನ್ನೊಡನೆ ಬಹಳಷ್ಟು ನೀರನ್ನೂ ಹಿಡಿದುಕೊಂಡಿರುತ್ತದೆ. ಕೊಬ್ಬಿಗೆ ಈ ನೀರಿನ ಹೊರೆಯಿಲ್ಲ. ಮನುಷ್ಯನ ದೇಹದಲ್ಲಿರುವ ಗ್ಲೈಕೋಜನ್ ಸುಮಾರು ಒಂದು ದಿನಕ್ಕೆ ಮಾತ್ರ ಸಾಕಾಗಬಹುದು. ಆದರೆ 10 ಕಿಲೋಗ್ರಾಂ ಕೊಬ್ಬಿನಲ್ಲಿ ಒಂದು ತಿಂಗಳಿಗೂ ಮಿಕ್ಕು ಸಾಲುವಷ್ಟು ಶಕ್ತಿ ಅಡಗಿದೆ.

ನೀರೇ ಪ್ರಧಾನವಾಗಿರುವ ಜೀವಕೋಶದೊಳಗೆ, ನೀರಿನೊಡನೆ ಬೆರೆಯದ ಕೊಬ್ಬನ್ನು ಇರಿಸುವುದು ಹೇಗೆ? ಜೀವಕೋಶವು ಅದನ್ನು ಹನಿಗಳನ್ನಾಗಿ ಮಾಡಿ, ಪ್ರತಿಯೊಂದು ಹನಿಗೂ ಫಾಸ್ಫೋಲಿಪಿಡ್ ಎಂಬ ಅಣುಗಳ ಒಂದೇ ಪದರದ ಹೊದಿಕೆಯನ್ನು ಹೊದಿಸುತ್ತದೆ. ಈ ಅಣುಗಳ ಒಂದು ತುದಿ ನೀರನ್ನೂ ಮತ್ತೊಂದು ತುದಿ ಕೊಬ್ಬನ್ನೂ ಬಯಸುತ್ತವೆ. ಹೊದಿಕೆಯಲ್ಲಿರುವ ಕೆಲವು ಪ್ರೋಟೀನುಗಳು ಬಾಗಿಲು ಕಾಯುವ ಆಳುಗಳಂತೆ ವರ್ತಿಸುತ್ತವೆ. ಊಟವಾದ ಮೇಲೆ ಇನ್ಸುಲಿನ್ ಎಂಬ ಹಾರ್ಮೋನು ಕಣಜವನ್ನು ತುಂಬುವಂತೆ ಸೂಚಿಸುತ್ತದೆ. ಉಪವಾಸದಲ್ಲಿ ಕಿಣ್ವಗಳು ಕೊಬ್ಬನ್ನು ಒಡೆದು, ಅದರ ಘಟಕಗಳಾದ ಮೇದಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ.

ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಇಂತಹ ಸಣ್ಣ ಹನಿಗಳು ಇರಬಲ್ಲವು. ಆದರೆ ಚರ್ಮದ ಅಡಿಯಲ್ಲಿಯೂ ಹೊಟ್ಟೆಯ ಒಳಭಾಗದಲ್ಲಿಯೂ ಈ ಕೆಲಸಕ್ಕೆಂದೇ ಮೀಸಲಾದ ಅಂಗಾಂಶವಿದೆ. ಅಲ್ಲಿನ ಕೋಶವನ್ನು ಒಂದೇ ದೊಡ್ಡ ಹನಿಯು ತುಂಬಿಕೊಂಡು, ಕೋಶಕೇಂದ್ರವನ್ನು ಅಂಚಿಗೆ ಒತ್ತಿರುತ್ತದೆ.

ಸಸ್ಯಗಳಲ್ಲಿಯೂ ಈ ವ್ಯವಸ್ಥೆಯುಂಟು. ನೆಲಗಡಲೆಯ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಎಲೆಯೊಡೆದು ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುವವರೆಗೆ ಮೊಳಕೆಯನ್ನು ಪೋಷಿಸುವುದರಲ್ಲಿ ಅದರ ಪಾಲು ದೊಡ್ಡದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯವನ್ನು ದಾಟಿ ಉತ್ತರಕ್ಕೆ ಹಿಂದಿರುಗುವ ಆ ದೀರ್ಘ ಪಯಣಕ್ಕೆ, ಇಲ್ಲಿ ಮೇದು ಕೂಡಿಸಿಕೊಂಡ ಕೊಬ್ಬೇ ಬುತ್ತಿ.

ಹಾಗಾದರೆ ಕೊಬ್ಬೇ ಇಲ್ಲದ ದೇಹವು ಆರೋಗ್ಯಕರವೇ? ಅಪರೂಪವಾಗಿ ಕೆಲವು ಮಕ್ಕಳಲ್ಲಿ ಕೊಬ್ಬನ್ನು ಕೂಡಿಡುವ ಅಂಗಾಂಶವು ಹುಟ್ಟಿನಿಂದಲೇ ಬೆಳೆದಿರುವುದಿಲ್ಲ. ಅವರು ನೋಡಲು ಕೃಶರು. ಆದರೆ ನೆಲೆಯಿಲ್ಲದ ಕೊಬ್ಬು ಅವರ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಸೇರಿ, ಎಳೆಯ ವಯಸ್ಸಿನಲ್ಲಿಯೇ ಮಧುಮೇಹವನ್ನು ತರಬಹುದು. ಅಗತ್ಯಕ್ಕಿಂತ ಹೆಚ್ಚು ಉಂಡು, ದೇಹಶ್ರಮವಿಲ್ಲದೆ ಇರುವವರಲ್ಲಿಯೂ ಕಣಜವು ತುಂಬಿ ಕೊಬ್ಬು ಅದೇ ಅಂಗಗಳಿಗೆ ಹರಿಯುತ್ತದೆ. ಒಬ್ಬರಿಗೆ ಕಣಜವಿಲ್ಲ, ಇನ್ನೊಬ್ಬರಿಗೆ ಕಣಜದಲ್ಲಿ ಸ್ಥಳವಿಲ್ಲ. ಒದಗುವ ಕೇಡು ಮಾತ್ರ ಒಂದೇ.

ಕೊಬ್ಬು ದೇಹದ ಶತ್ರುವಲ್ಲ. ತಕ್ಕ ಎಡೆಯಲ್ಲಿ, ತಕ್ಕ ಪ್ರಮಾಣದಲ್ಲಿ ಇದ್ದಾಗ ಅದು ಜೀವವನ್ನು ಕಾಯುವ ಧಾನ್ಯ.