ಗುತ್ತಿಗೆದಾರರ ಕಪ್ಪುಪಟ್ಟಿ (ಭಾರತ)

ತಪ್ಪೆಸಗಿದ ಗುತ್ತಿಗೆದಾರರು ನಿರ್ದಿಷ್ಟ ಅವಧಿಯವರೆಗೆ ಸರ್ಕಾರಿ ಟೆಂಡರುಗಳಲ್ಲಿ ಭಾಗವಹಿಸದಂತೆ ನಿಷೇಧಿಸುವ ಆಡಳಿತಾತ್ಮಕ ಕ್ರಮವನ್ನು ಕಪ್ಪುಪಟ್ಟಿಗೆ ಸೇರಿಸುವುದು ಎನ್ನುತ್ತಾರೆ. ಕೇಂದ್ರ ಸರ್ಕಾರದ ಖರೀದಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳ 151ನೆಯ ನಿಯಮವು ಅನ್ವಯಿಸುತ್ತದೆ. ಅದರಂತೆ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧಿಗಳೆಂದು ಸಾಬೀತಾದವರನ್ನು ಗರಿಷ್ಠ 3 ವರ್ಷ, ಪ್ರಾಮಾಣಿಕತೆಯ ಸಂಹಿತೆಯನ್ನು ಉಲ್ಲಂಘಿಸಿದವರನ್ನು ಗರಿಷ್ಠ 2 ವರ್ಷ ಹೊರಗಿಡಬಹುದು.

ಈ ಕ್ರಮದಿಂದ ಗುತ್ತಿಗೆದಾರನ ಜೀವನೋಪಾಯಕ್ಕೂ ಹೆಸರಿಗೂ ಧಕ್ಕೆಯೊದಗುತ್ತದೆ. ಆದುದರಿಂದ ಅವನ ಅಹವಾಲನ್ನು ಆಲಿಸದೆ ಕಪ್ಪುಪಟ್ಟಿಗೆ ಸೇರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಎರೂಸಿಯನ್ ಇಕ್ವಿಪ್‌ಮೆಂಟ್ ಪ್ರಕರಣದಲ್ಲಿ ತೀರ್ಪಿತ್ತಿತು. ನಿಷೇಧವು ಶಾಶ್ವತವಾಗಿರಕೂಡದು, ಅದರ ಅವಧಿ ತಪ್ಪಿನ ಗಾಂಭೀರ್ಯಕ್ಕೆ ಅನುಗುಣವಾಗಿರಬೇಕು ಎಂಬುದು ಕುಲ್ಜಾ ಇಂಡಸ್ಟ್ರೀಸ್ ಪ್ರಕರಣದ (2013) ತೀರ್ಪು. ಕಾರಣ ಕೇಳುವ ನೋಟಿಸಿನಲ್ಲಿ ಆರೋಪಗಳಷ್ಟೇ ಅಲ್ಲದೆ, ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶವೂ ಸ್ಪಷ್ಟವಾಗಿ ತಿಳಿಯುವಂತಿರಬೇಕೆಂದು ಗೋರ್ಖಾ ಸೆಕ್ಯುರಿಟಿ ಸರ್ವೀಸಸ್ ಪ್ರಕರಣವು (2014) ವಿಧಿಸಿತು.